ಸಿಕ್ರೋಪಿಯಾ ಸಾಕಣೆ: ಗೂಡಿನಿಂದ ಗೂಡಿಗೆ ಒಂದು ವರ್ಷ

ಸಿಕ್ರೋಪಿಯಾ ಎಂಬ ದೊಡ್ಡ ಪತಂಗವನ್ನು ಸಾಕುವುದೆಂದರೆ ಸೊಪ್ಪು ಹಾಕುವ ಕೆಲಸ ಎಂದುಕೊಂಡು ಕೈಹಾಕುವವರೇ ಹೆಚ್ಚು. ಸೊಪ್ಪು ಹಾಕುವುದು ಸುಲಭ. ಕಷ್ಟವಿರುವುದು ಎರಡು ಕಡೆ. ಚಳಿಗಾಲದಲ್ಲಿ ಗೂಡಿಗೆ ಬೇಕಾದಷ್ಟು ಚಳಿ ಕೊಟ್ಟು, ಮರ ಚಿಗುರಿದ ಮೇಲೆಯೇ ಚಿಟ್ಟೆ ಹೊರಬರುವಂತೆ ಮಾಡುವುದು ಒಂದು. ಬೇಸಿಗೆಯಲ್ಲಿ ಹುಳುವಿಗೆ ನೊಣ ಮುಟ್ಟದಂತೆ ಕಾಯುವುದು ಇನ್ನೊಂದು. ಈ ಎರಡು ಸರಿಹೋದರೆ ಉಳಿದದ್ದನ್ನು ಹುಳುವೇ ನೋಡಿಕೊಳ್ಳುತ್ತದೆ. ಇಲ್ಲಿ ಬರೆದಿರುವುದು ಮಿಶಿಗನ್ ರಾಜ್ಯದ ದಕ್ಷಿಣ ಭಾಗದ ಹವೆಯಲ್ಲಿ ನಾನು ಅನುಸರಿಸುವ ಕ್ರಮ. ನೀವು ಇನ್ನೂ ತೆಂಕಣಕ್ಕಿದ್ದರೆ ಎಲ್ಲವೂ ಕೆಲವು ವಾರ ಮೊದಲೇ ಆಗುತ್ತದೆ. ಕ್ಯಾಲೆಂಡರ್ ನೋಡಬೇಡಿ, ನಿಮ್ಮ ಬೀದಿಯ ಮೇಪಲ್ ಮರ ನೋಡಿ.

ಸಿಕ್ರೋಪಿಯಾ ಉತ್ತರ ಅಮೆರಿಕದ ದೇಶೀ ಪತಂಗಗಳಲ್ಲೆಲ್ಲ ದೊಡ್ಡದು. ರೆಕ್ಕೆ ಬಿಚ್ಚಿ ಕೂತರೆ ತುದಿಯಿಂದ ತುದಿಗೆ 13ರಿಂದ 16 ಸೆಂ.ಮೀ.; ದೊಡ್ಡ ಹೆಣ್ಣು 18ರ ಹತ್ತಿರ ಹೋಗುವುದೂ ಉಂಟು. ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ, ಫ್ಲೋರಿಡಾಗಳಿಂದ ಹಿಡಿದು ಪಶ್ಚಿಮದ ರಾಕಿ ಪರ್ವತಗಳವರೆಗೂ ಇದೆ. ರೆಕ್ಕೆಯ ಮೂಲ ಬಣ್ಣ ಬೂದಿ ಉದುರಿಸಿದಂಥ ಕಂದು. ನಾಲ್ಕು ರೆಕ್ಕೆಗಳಲ್ಲೂ ನಡುವೆ ಒಂದೊಂದು ಅರ್ಧಚಂದ್ರ, ಒಳಗೆ ಬಿಳುಪು, ಅಂಚಿಗೆ ಕೆಂಪು. ಅದರಾಚೆ ಬಿಳಿ ಗೆರೆ, ಅದಕ್ಕೆ ಒತ್ತಿಕೊಂಡು ಇಟ್ಟಿಗೆ ಕೆಂಪಿನ ಪಟ್ಟೆ. ಮುಂದಿನ ರೆಕ್ಕೆಯ ತುದಿಯಲ್ಲಿ ಕಪ್ಪು ಕಣ್ಣಿನಂಥ ಚುಕ್ಕೆ. ಮೈ ಕೆಂಪು, ಕುತ್ತಿಗೆಗೆ ಬಿಳಿ ಪಟ್ಟಿ, ಹೊಟ್ಟೆಯ ಮೇಲೆ ಕೆಂಪು ಬಿಳಿ ಬಳೆಗಳು. ಗಂಡಿನ ಮೀಸೆ ಅಗಲವಾದ ಗರಿಯಂತೆ, ಹೆಣ್ಣಿನದು ಸಪೂರ. ಹೊಟ್ಟೆ ನೋಡಿ ಹೇಳುವುದಕ್ಕಿಂತ ಮೀಸೆ ನೋಡಿ ಗಂಡು ಹೆಣ್ಣು ಹೇಳುವುದು ಲೇಸು, ಏಕೆಂದರೆ ಆಗಷ್ಟೇ ಹೊರಬಂದ ಗಂಡಿನ ಹೊಟ್ಟೆಯೂ ಊದಿಕೊಂಡಿರುತ್ತದೆ.

ನಮ್ಮ ಪಶ್ಚಿಮಘಟ್ಟದ ಅಟ್ಲಾಸ್ ಪತಂಗ ನೋಡಿದವರಿಗೆ ಇದರ ಮುಖಚರ್ಯೆ ಗುರುತು ಸಿಗುತ್ತದೆ. ಎರಡೂ ಒಂದೇ ಕುಟುಂಬದ ಒಂದೇ ಕವಲಿಗೆ ಸೇರಿದವು. ಟಸರ್ ರೇಷ್ಮೆಯ ಹುಳುವೂ ಅದೇ ಕುಟುಂಬ. ಹಿಪ್ಪುನೇರಳೆ ರೇಷ್ಮೆಹುಳು ಬೇರೆ ಕುಟುಂಬದ್ದಾದರೂ ಸಾಕುವ ರೀತಿ ಹತ್ತಿರದ್ದು. ಹಾಗಾಗಿ ರಾಮನಗರ, ಕೋಲಾರದ ಕಡೆ ರೇಷ್ಮೆ ಬೆಳೆಯುವವರು ಆಡುವ ಜ್ವರ, ಹಣ್ಣಾಗುವುದು, ಹಿಕ್ಕೆ ಎಂಬ ಮಾತುಗಳನ್ನೇ ಇಲ್ಲೂ ಬಳಸುತ್ತೇನೆ. ಅವಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ.

ಶುರುಮಾಡಲು ಒಳ್ಳೆಯ ಕಾಲ ಡಿಸೆಂಬರ್‌ನಿಂದ ಮಾರ್ಚ್. ಎಲೆ ಉದುರಿದ ಮರದಲ್ಲಿ ಗೂಡು ಕಣ್ಣಿಗೆ ಬೀಳುತ್ತದೆ. ಸಿಲ್ವರ್ ಮೇಪಲ್, ಬಾಕ್ಸ್ ಎಲ್ಡರ್, ವಿಲೋ, ಬರ್ಚ್, ಕಾಡು ಚೆರ್ರಿ, ಲೈಲಾಕ್ ಪೊದೆ ಇವುಗಳಲ್ಲಿ ಹುಡುಕಬೇಕು. ದಟ್ಟ ಕಾಡಿಗೆ ಹೋಗುವ ಅಗತ್ಯವಿಲ್ಲ. ಹೊಸ ಬಡಾವಣೆಯ ಎಳೆ ಮರಗಳಲ್ಲೇ ಹೆಚ್ಚು ಸಿಗುತ್ತದೆ. ಗೂಡು 7ರಿಂದ 10 ಸೆಂ.ಮೀ. ಉದ್ದ, ಎರಡೂ ತುದಿ ಚೂಪು, ಕಂದು ಕಾಗದದಂಥ ಹೊದಿಕೆ, ಉದ್ದಕ್ಕೂ ಕೊಂಬೆಗೆ ಅಂಟಿಕೊಂಡಿರುತ್ತದೆ. ಇದೇ ಗುರುತು. ಇಲ್ಲಿನ ಇನ್ನೆರಡು ಪತಂಗಗಳಲ್ಲಿ ಪ್ರೊಮಿಥಿಯಾದ ಗೂಡು ಎಲೆಯ ತೊಟ್ಟಿನಿಂದ ಜೋತಾಡುತ್ತದೆ. ಪಾಲಿಫೀಮಸ್‌ನದು ಮೊಟ್ಟೆಯಾಕಾರದ್ದು, ಬಹಳಷ್ಟು ಸಲ ಎಲೆಯ ಜೊತೆ ನೆಲಕ್ಕೆ ಬಿದ್ದಿರುತ್ತದೆ. ಸಿಕ್ರೋಪಿಯಾದಲ್ಲೇ ಎರಡು ಬಗೆಯ ಗೂಡುಗಳಿವೆ. ಒಂದು ಬಿಗಿಯಾಗಿ ಸಣ್ಣಗಿರುತ್ತದೆ, ಇನ್ನೊಂದು ಸಡಿಲವಾಗಿ ಚೀಲದಂತೆ. ಚೀಲದಂಥವು ಸಾಮಾನ್ಯವಾಗಿ ಪೊದೆಯ ಬುಡದಲ್ಲಿ, ನೆಲಕ್ಕೆ ಹತ್ತಿರ. ಎರಡರಿಂದಲೂ ಬರುವ ಚಿಟ್ಟೆ ಒಂದೇ.

ಗೂಡು ಸಿಕ್ಕ ಮಾತ್ರಕ್ಕೆ ಒಳಗೆ ಜೀವ ಇದೆ ಎಂದಲ್ಲ. ಮೊದಲು ಮೈ ಸುತ್ತ ನೋಡಿ. ಸಣ್ಣ ದುಂಡು ತೂತಿದ್ದರೆ ಮರಕುಟಿಗ ಕೊಕ್ಕು ತೂರಿಸಿ ಕೋಶವನ್ನು (ಹುಳು ಚಿಟ್ಟೆಯಾಗುವ ಮೊದಲು ಗೂಡಿನೊಳಗೆ ತಾಳುವ ರೂಪ) ಹೀರಿಹಾಕಿದೆ. ಪಕ್ಕ ಹರಿದಿದ್ದರೆ ಇಲಿ. ತೂತಿಲ್ಲದಿದ್ದರೆ ಕೈಯಲ್ಲಿ ತೂಗಿನೋಡಿ. ಜೀವಂತ ಕೋಶವಿರುವ ಗೂಡು ಗಾತ್ರಕ್ಕಿಂತ ಭಾರ ಅನ್ನಿಸುತ್ತದೆ. ಕಿವಿಯ ಹತ್ತಿರ ಮೆಲ್ಲಗೆ ಆಡಿಸಿದರೆ ದಪ್ಪ ಸದ್ದು ಬರುತ್ತದೆ. ಒಣ ಕಡಲೆಕಾಯಿಯಂತೆ ಕಿಲಕಿಲ ಅಂದರೆ ಒಳಗೆ ಸತ್ತಿದೆ. ಭಾರವೂ ಇಲ್ಲ, ಸದ್ದೂ ಇಲ್ಲ ಅಂದರೆ ಪರಾವಲಂಬಿ ಕಣಜ ಒಳಗೆ ತನ್ನದೇ ಗೂಡು ಕಟ್ಟಿಕೊಂಡಿರಬಹುದು. ಅಂಥದ್ದನ್ನು ಬೇರೆ ಡಬ್ಬಿಯಲ್ಲಿಡಿ, ಎಸೆಯಬೇಡಿ. ಆ ದೇಶೀ ಕಣಜಕ್ಕೂ ಇಲ್ಲಿ ಬದುಕುವ ಹಕ್ಕಿದೆ. ಗೂಡನ್ನು ಕೊಂಬೆಯಿಂದ ಕಿತ್ತು ತೆಗೆಯಬಾರದು. ಎರಡೂ ಕಡೆ 5 ಸೆಂ.ಮೀ. ಬಿಟ್ಟು ಕೊಂಬೆ ಸಮೇತ ಕತ್ತರಿಸಿ. ಒಂದು ಮರದಲ್ಲಿ ನಾಲ್ಕು ಕಂಡರೆ ಒಂದು ತೆಗೆದುಕೊಂಡರೆ ಸಾಕು.

ಇನ್ನು ಚಳಿ. ತಂದ ಗೂಡನ್ನು ಬೆಚ್ಚಗಿನ ಮನೆಯೊಳಗೆ ಇಡುವುದೇ ಹೊಸಬರು ಮಾಡುವ ಮೊದಲ ತಪ್ಪು. ಶಿಶಿರದಲ್ಲಿ ಆಗಲೇ ಚಳಿ ಕಂಡ ಕೋಶ ಬಿಸಿ ತಾಗಿದ ಕೆಲವು ವಾರಗಳಲ್ಲಿ ಚಿಟ್ಟೆಯಾಗುತ್ತದೆ. ಹೊರಗೆ ಫೆಬ್ರವರಿಯ ಹಿಮ. ಮರದಲ್ಲಿ ಎಲೆಯಿಲ್ಲ, ಜೋಡಿಯಾಗಲು ಗಂಡಿಲ್ಲ. ಇನ್ನೊಂದು ತುದಿಯ ತಪ್ಪೂ ಇದೆ: ಚಳಿಯನ್ನೇ ಕೊಡದೆ ಇಟ್ಟರೆ ಕೋಶ ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದು, ಒಣಗಿ ಸಾಯುತ್ತದೆ. ಇದರ ಕಾರಣ ಹುಡುಕಿದವರು ಹಾರ್ವರ್ಡ್‌ನ ಕ್ಯಾರೊಲ್ ವಿಲಿಯಮ್ಸ್. 1940ರ ದಶಕದಲ್ಲಿ ಇದೇ ಸಿಕ್ರೋಪಿಯಾದ ಕೋಶಗಳ ಮೇಲೆ ಶಸ್ತ್ರಕ್ರಿಯೆ ಮಾಡಿ, ಚಳಿ ತಾಗಬೇಕಾದ್ದು ಮಿದುಳಿಗೆ ಎಂದು ತೋರಿಸಿಕೊಟ್ಟರು. ಚಳಿ ಕಂಡ ಮಿದುಳನ್ನು ತೆಗೆದು ಚಳಿ ಕಾಣದ ಕೋಶದೊಳಗೆ ಇಟ್ಟರೆ ಆ ಕೋಶವೂ ಎಚ್ಚೆತ್ತು ಚಿಟ್ಟೆಯಾಯಿತು. ಮಿದುಳಿನ ಹಾರ್ಮೋನು ಎದೆಯ ಗ್ರಂಥಿಗೆ ಹೇಳಬೇಕು, ಆ ಗ್ರಂಥಿ ಮೈಗೆ ಹೇಳಬೇಕು. ಚಳಿಯಿಲ್ಲದೆ ಮಿದುಳು ಬಾಯಿಬಿಡುವುದಿಲ್ಲ. ಸಾಕುವವರಿಗೆ ಬೇಕಾದ ಲೆಕ್ಕ ಇಷ್ಟು: 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಡಿಮೆಯೆಂದರೆ 10 ವಾರ. ಅದಕ್ಕಿಂತ ಹೆಚ್ಚಾದರೆ ತೊಂದರೆಯಿಲ್ಲ.

ನಾನು ಗೂಡುಗಳನ್ನು ಹೊರಗೇ ಇಡುತ್ತೇನೆ. ಕಾಲು ಇಂಚು ಕಣ್ಣಿನ ಗಟ್ಟಿ ತಂತಿಬಲೆಯ ಪೆಟ್ಟಿಗೆ, ಆರೂ ಕಡೆ ಬಲೆ, ಮನೆಯ ಉತ್ತರದ ಗೋಡೆಗೆ ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ತೂಗುಹಾಕಿದ್ದು. ಉತ್ತರದ ಗೋಡೆ ಏಕೆಂದರೆ ದಕ್ಷಿಣದ ಬಿಸಿಲಿಗೆ ಮಾರ್ಚ್‌ನಲ್ಲೇ ಗೂಡು ಕಾದು ಚಿಟ್ಟೆ ಬೇಗ ಬರುತ್ತದೆ. ಅರ್ಧ ಇಂಚಿನ ಬಲೆಯಾದರೆ ಸಣ್ಣ ಇಲಿ ನುಸುಳುತ್ತದೆ, ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಮುಗಿಸುತ್ತದೆ. ಮಳೆ, ಹಿಮ ಎರಡೂ ಗೂಡಿನ ಮೇಲೆ ಬೀಳಲಿ; ಆ ತೇವ ಬೇಕು. ಫ್ರಿಜ್ಜಿನಲ್ಲೇ ಇಡಬೇಕಾದವರು ಮುಚ್ಚಳದಲ್ಲಿ ನಾಲ್ಕೈದು ತೂತು ಕೊರೆದ ಡಬ್ಬಿಯಲ್ಲಿಟ್ಟು, ಎರಡು ವಾರಕ್ಕೊಮ್ಮೆ ನೀರು ಚಿಮುಕಿಸಿ, ಮೇಲಿನ ನೀರು ಆರಿದ ಮೇಲೆ ಮುಚ್ಚಬೇಕು. ಈಗಿನ ಫ್ರಿಜ್ಜುಗಳು ಹಿಮ ಕಟ್ಟದಂತೆ ಗಾಳಿಯನ್ನು ಒಣಗಿಸುತ್ತಲೇ ಇರುತ್ತವೆ. ಅಲ್ಲಿ ಕೋಶ ಸಾಯುವುದು ಚಳಿಗಲ್ಲ, ಒಣಗಿ.

ಮೇ ಮೊದಲ ವಾರ, ಮೇಪಲ್ ಎಲೆ ಬೆಳ್ಳಿ ನಾಣ್ಯದಷ್ಟಾದಾಗ, ಗೂಡುಗಳನ್ನು ಬಟ್ಟೆಬಲೆಯ ಪಂಜರಕ್ಕೆ ವರ್ಗಾಯಿಸುತ್ತೇನೆ. 40 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ ಇದ್ದರೆ ಆರೇಳು ಗೂಡಿಗೆ ಸಾಕು. ಗೂಡಿನ ಬಾಯಿ ಯಾವುದು ಎಂದು ತಿಳಿದು ಅದನ್ನು ಮೇಲಕ್ಕೆ ಮಾಡಿ ಕಟ್ಟಬೇಕು. ಬಾಯಿಯ ಕಡೆ ಹೆಣಿಗೆ ಸಡಿಲ, ನೂಲಿನ ತುದಿಗಳು ಮೀನು ಹಿಡಿಯುವ ಕೂಣಿಯ ಬಾಯಿಯಂತೆ ಒಂದೆಡೆ ಕೂಡಿಕೊಂಡಿರುತ್ತವೆ. ಒಳಗಿನಿಂದ ತಳ್ಳಿದರೆ ಬಿಚ್ಚಿಕೊಳ್ಳುತ್ತದೆ, ಹೊರಗಿನಿಂದ ಒತ್ತಿದರೆ ಇನ್ನೂ ಮುಚ್ಚಿಕೊಳ್ಳುತ್ತದೆ. ಪಾಲಿಫೀಮಸ್ ರೇಷ್ಮೆಯ ಅಂಟು ಕರಗಿಸುವ ಕಿಣ್ವ ಉಗುಳಿ ದಾರಿ ಮಾಡಿಕೊಳ್ಳಬೇಕು. ಸಿಕ್ರೋಪಿಯಾಗೆ ಬಾಗಿಲು ಮೊದಲೇ ಕಟ್ಟಿಟ್ಟಿದೆ. ಬಾಗಿಲು ಕೆಳಗಾಗಿಯೋ ಪಂಜರದ ಗೋಡೆಗೆ ಒತ್ತಿಯೋ ಇದ್ದರೆ ಚಿಟ್ಟೆ ಒಳಗೇ ಸಿಕ್ಕಿಹಾಕಿಕೊಂಡು ರೆಕ್ಕೆ ಮುದುಡಿಹೋಗುತ್ತದೆ.

ಹೊರಬರುವುದು ಬೆಳಗಿನ ಹೊತ್ತು. ಇದೂ ಮಿದುಳಿನದೇ ಕೆಲಸ. 1970ರಲ್ಲಿ ಟ್ರೂಮನ್ ಮತ್ತು ರಿಡಿಫೋರ್ಡ್ ಎಂಬ ವಿಜ್ಞಾನಿಗಳು ಸಿಕ್ರೋಪಿಯಾ ಮತ್ತು ಚೀನಾದ ಓಕ್ ಟಸರ್ ಕೋಶಗಳ ಮಿದುಳುಗಳನ್ನು ಅದಲುಬದಲು ಮಾಡಿದರು. ಬೆಳಿಗ್ಗೆ ಬರಬೇಕಾದದ್ದು ಸಂಜೆಯ ಕಡೆಗೂ, ಸಂಜೆಯ ಕಡೆಗೆ ಬರಬೇಕಾದದ್ದು ಬೆಳಿಗ್ಗೆಯೂ ಬಂತು. ಹಾಗಾಗಿ ಪಂಜರವಿರುವ ಕೋಣೆಯಲ್ಲಿ ರಾತ್ರಿ ದೀಪ ಉರಿಸಬೇಡಿ. ಹಗಲು ರಾತ್ರಿಯ ಲೆಕ್ಕ ಆ ಮಿದುಳಿಗೆ ಬೇಕು. ಬರುವ ದಿನ ಗೂಡಿನೊಳಗೆ ಕೆರೆಯುವ ಸದ್ದು ಕೇಳುತ್ತದೆ. ಬಾಯಿಯ ನೂಲು ಅಗಲಿ ಮೊದಲು ಕೆಂಪು ರೋಮದ ತಲೆ, ಆಮೇಲೆ ಮುಂಗಾಲು, ಆಮೇಲೆ ಒದ್ದೆ ಮೈಯೆಲ್ಲ ಜಾರಿ ಹೊರಗೆ. ರೆಕ್ಕೆ ಆಗ ಹೆಬ್ಬೆರಳ ಉಗುರಿನಷ್ಟು ದಪ್ಪ ಬಟ್ಟೆಚೂರು. ಅದು ಏರಿ ಜೋತುಬೀಳಲು ಒರಟು ಜಾಗ ಬೇಕೇ ಬೇಕು. ನುಣುಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಲು ಜಾರಿ ಬಿದ್ದರೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹರಡಬೇಕಾದ ರೆಕ್ಕೆ ಹಾಗೇ ಗಟ್ಟಿಯಾಗುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ. ರೆಕ್ಕೆ ಆರುವ ಹೊತ್ತಿಗೆ ಕಂದು ದ್ರವ ಸುರಿಸುತ್ತದೆ, ಅದು ಸಹಜ. ಕೆಳಗೆ ಹಳೆ ಕಾಗದ ಹಾಸಿಡಿ.

ಚಿಟ್ಟೆಗೆ ಊಟವಿಲ್ಲ. ಬಾಯಿ ಹೆಸರಿಗಷ್ಟೇ, ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲಿ ಒಂದರಿಂದ ಎರಡು ವಾರ ಬದುಕುತ್ತದೆ. ಸಕ್ಕರೆ ನೀರು ಇಡುವವರಿದ್ದಾರೆ, ಅದರಿಂದ ಮೀಸೆ ಅಂಟಾಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಜೋಡಿ ಮಾಡಿಸಲು ಮನೆಯ ಗಂಡನ್ನು ನಂಬುವುದಕ್ಕಿಂತ ಕಾಡಿನ ಗಂಡನ್ನು ಕರೆಸುವುದು ಒಳ್ಳೆಯದು. ಒಂದೇ ತಾಯಿಯ ಮಕ್ಕಳನ್ನು ಎರಡು ಮೂರು ತಲೆಮಾರು ಕೂಡಿಸಿದರೆ ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಹುಳು ಸಣಕಲಾಗುತ್ತದೆ. ಹೆಣ್ಣನ್ನು ಹೊರಬಂದ ದಿನವೇ ಸಂಜೆ ತಂತಿಬಲೆಯ ಪಂಜರದಲ್ಲಿಟ್ಟು ಮರದ ನೆರಳಿಗೆ, ಗಾಳಿ ಆಡುವ ಕಡೆ, ಎರಡು ಮೀಟರ್ ಎತ್ತರಕ್ಕೆ ತೂಗುಹಾಕಿ. ಬಲೆಯ ಕಣ್ಣು ಒಂದು ಇಂಚಿದ್ದರೆ ಗಂಡು ಹೊರಗಿನಿಂದಲೇ ಕೂಡಬಲ್ಲದು. ಸಿಕ್ರೋಪಿಯಾ ಹೆಣ್ಣು ಗಂಧ ಬಿಡುವುದು ರಾತ್ರಿಯ ಮೊದಲ ಜಾವದಲ್ಲಿ ಅಲ್ಲ. ಮೂರು ಗಂಟೆಯಿಂದ ಬೆಳಕು ಹರಿಯುವವರೆಗೆ. ಹತ್ತು ಗಂಟೆಗೆ ನೋಡಿ ಗಂಡು ಬರಲಿಲ್ಲ ಎಂದು ಪಂಜರ ಒಳಗೆ ತರುವವರು ಇಲ್ಲೇ ತಪ್ಪುತ್ತಾರೆ. ಗಂಡು ಗಾಳಿಗೆದುರಾಗಿ ಮೈಲುಗಟ್ಟಲೆ ಹಾರಿ ಬರುತ್ತದೆ. ಹತ್ತಿರದ ಅಂಗಳದ ದೀಪ ಆರಿಸಿ, ಇಲ್ಲದಿದ್ದರೆ ಅದು ದೀಪಕ್ಕೆ ಹೋಗಿ ಕೂರುತ್ತದೆ. ಸೂರ್ಯ ಹುಟ್ಟುವ ಮೊದಲೇ ಎದ್ದು ನೋಡಬೇಕು. ಪಂಜರದ ಹೊರಮೈಗೆ ಕೂತ ಗಂಡು ಹಕ್ಕಿಗೆ ಸುಲಭದ ತುತ್ತು. ಕೂಡಿದ ಜೋಡಿ ಅಂದು ಇಡೀ ಹಗಲು ಹಾಗೇ ಇದ್ದು ಸಂಜೆಗೆ ತಾನಾಗಿ ಬಿಡುತ್ತದೆ. ಎಳೆದು ಬಿಡಿಸಿದರೆ ಎರಡೂ ಹಾಳು.

ಅಂದು ಸಂಜೆ ಹೆಣ್ಣನ್ನು ದಿನಸಿ ಅಂಗಡಿಯ ಕಂದು ಕಾಗದದ ಚೀಲದಲ್ಲಿ ಹಾಕಿ ಬಾಯಿ ಮಡಚಿ ಕ್ಲಿಪ್ ಹಾಕುತ್ತೇನೆ. ಎಲೆ ಬೇಕಿಲ್ಲ, ಕಾಗದಕ್ಕೇ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಸುಮಾರು ಎರಡೂವರೆ ಮಿ.ಮೀ., ಕೆನೆ ಬಿಳುಪು, ಚಪ್ಪಟೆ, ಮೇಲೆ ಕಂದುಕೆಂಪು ಅಂಟಿನ ಕಲೆ. ಮೊದಲ ರಾತ್ರಿ ಇಡುವುದೇ ಹೆಚ್ಚು. ಎರಡು ರಾತ್ರಿಯಾದ ಮೇಲೆ ಹೆಣ್ಣನ್ನು ಹೊರಗೆ ಬಿಟ್ಟುಬಿಡುತ್ತೇನೆ, ಉಳಿದ ಮೊಟ್ಟೆ ಅದು ಬೇಕಾದ ಮರಕ್ಕೆ ಇಡಲಿ. ಒಂದು ಹೆಣ್ಣು ಇನ್ನೂರು ಮುನ್ನೂರು ಮೊಟ್ಟೆಯಿಡಬಲ್ಲದು, ಮನೆಯ ಸಾಕಣೆಗೆ 40 ಸಾಕು. ಕೊನೆಯ ಹಂತದಲ್ಲಿ ಆ 40 ಹುಳು ಒಂದು ಎಳೆ ಮರವನ್ನೇ ಬರಿದು ಮಾಡುತ್ತವೆ, ನೂರು ಸಾಕಲು ಹೊರಟವರು ಆಗಸ್ಟ್‌ನಲ್ಲಿ ಸೊಪ್ಪಿಲ್ಲದೆ ಪರದಾಡುತ್ತಾರೆ.

ಮೊಟ್ಟೆಯಿರುವ ಕಾಗದ ಕತ್ತರಿಸಿ, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿಡಿ. ತಾರೀಖು ಬರೆಯಿರಿ. ನೀರು, ಒದ್ದೆ ಬಟ್ಟೆ ಯಾವುದೂ ಒಳಗೆ ಬೇಡ, ಬೂಷ್ಟು ಹಿಡಿಯುತ್ತದೆ. ಮಾಮೂಲಿ ಕೋಣೆಯ ಶಾಖದಲ್ಲಿ 10ರಿಂದ 14 ದಿನಕ್ಕೆ ಒಡೆಯುತ್ತದೆ, ಹೆಚ್ಚಾಗಿ ಬೆಳಿಗ್ಗೆ. ಮರಿ ಅರ್ಧ ಸೆಂ.ಮೀ. ಉದ್ದದ ಕಡುಕಪ್ಪು ಮುಳ್ಳುಹುಳು. ಅದನ್ನು ಬೆರಳಲ್ಲಿ ಹಿಡಿಯಬಾರದು. ಎಳೆ ಎಲೆಯನ್ನು ಎದುರಿಗೆ ಚಾಚಿದರೆ ತಾನೇ ಹತ್ತುತ್ತದೆ.

ಯಾವ ಸೊಪ್ಪು ಎಂಬುದನ್ನು ಆ ಮೊದಲ ದಿನವೇ ತೀರ್ಮಾನಿಸಬೇಕು. ಮೇಪಲ್, ಕಾಡು ಚೆರ್ರಿ, ಬರ್ಚ್, ಸೇಬು, ವಿಲೋ, ಲೈಲಾಕ್ ಯಾವುದಾದರೂ ತಿನ್ನುತ್ತದೆ. ಆದರೆ ಒಂದರ ರುಚಿ ಹತ್ತಿದ ಹುಳು ಇನ್ನೊಂದನ್ನು ಮುಟ್ಟದೆ ಉಪವಾಸ ಬಿದ್ದು ಸಾಯುವುದುಂಟು. ನಾನು ಕಾಡು ಚೆರ್ರಿ ಹಾಕುತ್ತೇನೆ. ಹುಳು ಬೇಗ ಬೆಳೆಯುತ್ತದೆ, ಆಗಸ್ಟ್ ಕೊನೆಯವರೆಗೂ ಎಲೆ ಸಿಗುತ್ತದೆ. ಕತ್ತರಿಸಿ ಉಳಿದ ಚೆರ್ರಿ ಸೊಪ್ಪನ್ನು ದನ, ಮೇಕೆಗೆ ಸಿಗುವ ಕಡೆ ಎಸೆಯಬೇಡಿ. ಬಾಡಿದ ಎಲೆಯಲ್ಲಿ ಸೈನೈಡ್ ಬಿಡುಗಡೆಯಾಗುತ್ತದೆ, ದನ ಸಾಯುತ್ತದೆ. ನರ್ಸರಿಯಿಂದ ಆ ವರ್ಷ ತಂದ ಗಿಡದ ಎಲೆ ಎಂದೂ ಹಾಕಬೇಡಿ. ಬೇರಿಗೆ ಕೊಟ್ಟ ಕೀಟನಾಶಕ ಎಲೆಯೊಳಗೇ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಹುಳು ಎರಡು ದಿನ ನಡುಗಿ, ಹಸಿರು ಕಕ್ಕಿ ಸಾಯುತ್ತದೆ. ಸೊಳ್ಳೆಗೆ ಹಚ್ಚಿಕೊಂಡ ಔಷಧ, ನಾಯಿಬೆಕ್ಕಿಗೆ ಹಾಕಿದ ಚಿಗಟದ ಔಷಧ ಕೈಯಲ್ಲಿದ್ದರೂ ಅದೇ ಗತಿ. ಸೋಪು ಹಾಕಿ ತೊಳೆದ ಕೈಯಲ್ಲಷ್ಟೇ ಮುಟ್ಟಿ.

ಒಂದು ಪೊರೆ ಬಿಡುವವರೆಗಿನ ಬೆಳವಣಿಗೆ ಒಂದು ಹಂತ. ಮೊದಲ ಎರಡು ಹಂತ ಮನೆಯೊಳಗೆ, ರೇಷ್ಮೆಯ ಎಳೆ ಹುಳುವಿಗೆ ಚಾಕಿ ಕಟ್ಟಿದಂತೆ. ಅರ್ಧ ಅಡಿ ಉದ್ದದ ಪ್ಲಾಸ್ಟಿಕ್ ಡಬ್ಬಿಗೆ 15 ಹುಳು, ತಳಕ್ಕೆ ಟಿಶ್ಯೂ ಕಾಗದ, ದಿನಕ್ಕೊಮ್ಮೆ ಹೊಸ ಎಲೆ, ದಿನಕ್ಕೊಮ್ಮೆ ಹಿಕ್ಕೆ ಸಾಫು. ಡಬ್ಬಿಯ ಗೋಡೆಯಲ್ಲಿ ನೀರ ಹನಿ ಕಂಡರೆ ಮುಚ್ಚಳ ಸ್ವಲ್ಪ ತೆರೆದಿಡಿ. ನಾಲ್ಕೈದು ದಿನಕ್ಕೆ ಹುಳು ತಿನ್ನುವುದು ನಿಲ್ಲಿಸಿ, ಎಲೆಯ ಮೇಲೆ ತೆಳ್ಳನೆ ರೇಷ್ಮೆ ಹಾಸಿ ಅದಕ್ಕೆ ಹಿಂಗಾಲು ಸಿಕ್ಕಿಸಿ ತಲೆಯೆತ್ತಿ ಕೂರುತ್ತದೆ. ಇದೇ ಜ್ವರ. ಒಂದೆರಡು ದಿನ ಹೀಗಿದ್ದು ಪೊರೆ ಬಿಡುತ್ತದೆ. ಜ್ವರಕ್ಕೆ ಕೂತ ಹುಳುವನ್ನು ಕಿತ್ತು ಹೊಸ ಎಲೆಗೆ ಹಾಕಿದರೆ ಪೊರೆ ಹಿಡಿದೆಳೆಯಲು ಅದಕ್ಕೆ ಆಧಾರ ಸಿಗುವುದಿಲ್ಲ. ಅರ್ಧ ಪೊರೆಯಲ್ಲೇ ಸಿಕ್ಕಿ ಸಾಯುತ್ತದೆ. ಆ ಎಲೆ ಬಾಡಿದ್ದರೂ ಕತ್ತರಿಯಿಂದ ಸುತ್ತ ಕತ್ತರಿಸಿ, ಚೂರಿನ ಸಮೇತ ಹೊಸ ಎಲೆಯ ಮೇಲೆ ಇಡಿ. ಸಾಕಣೆಯಲ್ಲಿ ನೊಣ ಬಿಟ್ಟರೆ ಅತಿ ಹೆಚ್ಚು ಹುಳು ಸಾಯುವುದು ಈ ಅವಸರಕ್ಕೆ.

ಒಂದೊಂದು ಜ್ವರ ಎದ್ದಾಗಲೂ ಹುಳು ಬೇರೆಯೇ ಬಟ್ಟೆ ಉಟ್ಟಂತೆ. ಕಪ್ಪಿದ್ದದ್ದು ಎರಡನೆಯ ಹಂತದಲ್ಲಿ ಹಳದಿ, ಮೈತುಂಬ ಕಪ್ಪು ಗುಬ್ಬಿ. ಮೂರರಲ್ಲಿ ಹಳದಿ ಹಸಿರು, ಗುಬ್ಬಿಗಳಿಗೆ ಬಣ್ಣ. ನಾಲ್ಕರಿಂದ ನೀಲಿ ಬೆರೆತ ಹಸಿರು. ಐದನೆಯ ಹಂತದ ಹುಳುವನ್ನು ಹತ್ತಿರದಿಂದ ನೋಡಬೇಕು. ಹೆಬ್ಬೆರಳ ದಪ್ಪ, 10ರಿಂದ 12 ಸೆಂ.ಮೀ. ಉದ್ದ. ಎದೆಯ ಮೇಲೆ ನಾಲ್ಕು ಹವಳದ ಗುಂಡು, ಬೆನ್ನುದ್ದಕ್ಕೂ ಎರಡು ಸಾಲು ಹಳದಿ ಗುಂಡು, ಪಕ್ಕೆಗೆ ತಿಳಿನೀಲಿ ಗುಂಡು. ಹವಳ, ಹಳದಿ ಗುಂಡುಗಳ ಮೇಲೆ ಚಿಕ್ಕ ಕಪ್ಪು ಮುಳ್ಳು. ನೋಡಲು ಹೆದರಿಕೆ ಹುಟ್ಟಿಸಿದರೂ ಮುಳ್ಳು ಚುಚ್ಚುವುದಿಲ್ಲ, ತುರಿಕೆಯೂ ಇಲ್ಲ. ಅದೇ ಚೆರ್ರಿ ಮರದಲ್ಲಿ ಸಿಗುವ ಐಯೊ ಪತಂಗದ ಹಸಿರು ಹುಳು ಮಾತ್ರ ಮುಟ್ಟಿದರೆ ಉರಿ ಹತ್ತಿಸುತ್ತದೆ. ಸೊಪ್ಪು ಕೊಯ್ಯುವಾಗ ನೋಡಿಕೊಳ್ಳಿ.

ಮೂರನೆಯ ಹಂತದಿಂದ ಹುಳುಗಳನ್ನು ಜೀವಂತ ಮರದ ಕೊಂಬೆಗೆ ಬಿಟ್ಟು ಬಲೆಯ ಚೀಲ ತೊಡಿಸುತ್ತೇನೆ. ಇಲ್ಲಿಂದ ಶುರು ನೊಣದ ಕಾಟ, ಅದರ ಹಿನ್ನೆಲೆ ತಿಳಿದಿರುವುದು ಒಳ್ಳೆಯದು. 1860ರ ದಶಕದ ಕೊನೆಗೆ ಮ್ಯಾಸಚೂಸೆಟ್ಸ್‌ನ ಮೆಡ್‌ಫೋರ್ಡ್‌ನಲ್ಲಿ ಲಿಯೊಪೋಲ್ಡ್ ಟ್ರೂವೆಲೊ ಎಂಬವರು ರೇಷ್ಮೆಯ ಆಸೆಗೆ ಪಾಲಿಫೀಮಸ್ ಪತಂಗ ಸಾಕುತ್ತಿದ್ದರು. ಯುರೋಪಿನಿಂದ ತರಿಸಿದ ಸ್ಪಾಂಜಿ ಪತಂಗ ಅವರ ಕೈಯಿಂದ ತಪ್ಪಿಸಿಕೊಂಡಿತು, ಪೂರ್ವದ ಕಾಡುಗಳ ಎಲೆಯನ್ನೆಲ್ಲ ತಿನ್ನತೊಡಗಿತು. ಅದನ್ನು ಹತ್ತಿಕ್ಕಲು 1906ರಲ್ಲಿ ಯುರೋಪಿನಿಂದಲೇ ಕಾಂಪ್ಸಿಲೂರಾ ಎಂಬ ಪರಾವಲಂಬಿ ನೊಣ ತಂದು ಬಿಟ್ಟರು. ಸ್ಪಾಂಜಿ ಪತಂಗಕ್ಕೆ ವರ್ಷಕ್ಕೆ ಒಂದೇ ತಲೆಮಾರು, ನೊಣಕ್ಕೆ ಹಲವು. ಆಷಾಢ ಶ್ರಾವಣದ ಹೊತ್ತಿಗೆ ಸ್ಪಾಂಜಿ ಹುಳು ಮುಗಿದಿರುತ್ತದೆ, ನೊಣಕ್ಕೆ ಇನ್ನೊಂದು ಹುಳು ಬೇಕು. ಆಗ ಮರದ ಮೇಲೆ ದುಂಡಗೆ ಬೆಳೆದು ಕೂತಿರುವುದು ಸಿಕ್ರೋಪಿಯಾ. 2000ದಲ್ಲಿ ಪ್ರಕಟವಾದ ಮ್ಯಾಸಚೂಸೆಟ್ಸ್‌ನ ಅಧ್ಯಯನದಲ್ಲಿ 500 ಸಿಕ್ರೋಪಿಯಾ ಮರಿಗಳನ್ನು ಬಯಲಲ್ಲಿ ಬಿಟ್ಟು ನೋಡಿದರು; ಐದನೆಯ ಹಂತ ದಾಟಿ ಒಂದೂ ಉಳಿಯಲಿಲ್ಲ. ಒಂದು ರೇಷ್ಮೆ ಪ್ರಯೋಗದ ಎಡವಟ್ಟು ನೂರೈವತ್ತು ವರ್ಷದ ಮೇಲೂ ಈ ಪತಂಗದ ಬೆನ್ನು ಬಿಟ್ಟಿಲ್ಲ.

ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡುಗಳ ಜೊತೆ ಬಂದ ಊಜಿ ನೊಣ ಮಾಡಿದ್ದೂ ಇದೇ, ಸಾಕಣೆ ಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಬಂದದ್ದೂ ಅದರಿಂದಲೇ. ಒಂದು ವ್ಯತ್ಯಾಸವಿದೆ. ಊಜಿ ಹುಳುವಿನ ಮೈಮೇಲೆ ಬಿಳಿ ಮೊಟ್ಟೆಯಿಡುತ್ತದೆ, ಕಣ್ಣಿಗೆ ಕಾಣುತ್ತದೆ. ಕಾಂಪ್ಸಿಲೂರಾ ಹುಳುವಿನ ಚರ್ಮ ಚುಚ್ಚಿ ಮರಿಯನ್ನೇ ಒಳಗೆ ಬಿಡುತ್ತದೆ. ಹೊರಗೆ ಗುರುತು ಸಿಗುವ ಹೊತ್ತಿಗೆ ಹುಳು ಮುಗಿದಿರುತ್ತದೆ. ಹಾಗಾಗಿ ಇಲ್ಲಿ ಚಿಕಿತ್ಸೆ ಎಂಬುದಿಲ್ಲ, ತಡೆಯುವುದೊಂದೇ ದಾರಿ. ಬಯಲಲ್ಲಿ ಸಿಕ್ಕ ದೊಡ್ಡ ಹುಳುವನ್ನು ಮನೆಯ ಹುಳುಗಳ ಜೊತೆ ಸೇರಿಸದಿರುವುದಕ್ಕೂ ಇದೇ ಕಾರಣ.

ಚೀಲಕ್ಕೆ ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಪಾಲಿಯೆಸ್ಟರ್ ಬಲೆ ಬೇಕು. ಒಂದೂವರೆ ಮೀಟರ್ ಉದ್ದ, 60 ಸೆಂ.ಮೀ. ಅಡ್ಡಳತೆ, ಎರಡೂ ಬಾಯಿಗೆ ಲಾಡಿ. ತೊಡಿಸುವ ಮೊದಲು ಕೊಂಬೆಯನ್ನು ಜೋರಾಗಿ ಅಲುಗಾಡಿಸಿ, ಎಲೆಗಳ ಅಡಿ ನೋಡಿ. ಒಳಗೆ ಒಂದು ಜೇಡವೋ ಬೇಟೆಗಾರ ತಿಗಣೆಯೋ ಉಳಿದರೆ ನೀವೇ ಅದಕ್ಕೆ ಊಟ ಬಡಿಸಿದಂತೆ. ಕೊಂಬೆಯ ಬುಡದ ಕಡೆ ಲಾಡಿ ಕಟ್ಟುವಲ್ಲಿ ಒಂದು ಹಳೆ ಬಟ್ಟೆ ಸುತ್ತಿ ಅದರ ಮೇಲೆ ಬಿಗಿಯಿರಿ, ಇಲ್ಲದಿದ್ದರೆ ತೊಗಟೆಯ ಸಂದಿನಲ್ಲಿ ಇರುವೆ ನುಗ್ಗುತ್ತದೆ. ಬಲೆ ಎಲೆಗೆ ಒತ್ತಿಕೊಳ್ಳದಂತೆ ಒಳಗೆ ತಂತಿಯ ಎರಡು ಬಳೆ ಹಾಕುತ್ತೇನೆ. ಬಲೆಗೆ ತಾಗಿ ಕೂತ ಹುಳುವಿಗೆ ತಿಗಣೆ ಹೊರಗಿನಿಂದಲೇ ಸೂಜಿಮೂತಿ ತೂರಿಸಿ ಹೀರುತ್ತದೆ. ಮೂರನೆಯ ಹಂತದಲ್ಲಿ ಚೀಲಕ್ಕೆ 25 ಇರಲಿ, ಐದನೆಯದರಲ್ಲಿ 10. ಮುಕ್ಕಾಲು ಎಲೆ ಮುಗಿಯುವ ಮೊದಲೇ ಬೇರೆ ಕೊಂಬೆಗೆ ಬದಲಿಸಬೇಕು. ಹುಳುವನ್ನು ಎಳೆಯಬೇಡಿ, ಅದು ಹಿಡಿದ ರೆಂಬೆಯನ್ನೇ ಕತ್ತರಿಸಿ ಹೊಸ ಕೊಂಬೆಗೆ ಸಿಕ್ಕಿಸಿ. ಎರಡು ದಿನಕ್ಕೊಮ್ಮೆ ಕೆಳಗಿನ ಲಾಡಿ ಬಿಚ್ಚಿ ಹಿಕ್ಕೆ ಸುರಿಯಿರಿ.

ಒಟ್ಟು ತಿನ್ನುವ ಸೊಪ್ಪಿನ ಬಹುಪಾಲು ಐದನೆಯ ಹಂತದಲ್ಲೇ ಹೋಗುತ್ತದೆ. ರೋಗ ಕಾಣುವುದೂ ಆಗಲೇ. ಹುಳು ಮೆತ್ತಗಾಗಿ, ನಡುಗಾಲಿನಲ್ಲಿ ಹಿಡಿದು ತಲೆಕೆಳಗಾಗಿ ಜೋತು, ಕಂದು ನೀರು ಸುರಿಸಿದರೆ ಅದು ಸೋಂಕು. ಕಿಕ್ಕಿರಿದ ಚೀಲ, ಕೊಳೆತ ಹಿಕ್ಕೆ, ಆರದ ತೇವ ಇವೇ ಕಾರಣ. ಆ ಹುಳುವನ್ನೂ ಅದು ಸುರಿಸಿದ ಎಲೆಯನ್ನೂ ಕಾಗದದಲ್ಲಿ ಸುತ್ತಿ ತೆಗೆದು, ಉಳಿದವನ್ನು ಮೂರು ಮೂರರಂತೆ ಬೇರೆ ಬೇರೆ ಚೀಲಕ್ಕೆ ಹಂಚಿ. ಚೀಲ, ಡಬ್ಬಿಗಳನ್ನು ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ನೆನೆಸಿ, ವಾಸನೆ ಹೋಗುವವರೆಗೆ ಜಾಲಿಸಿ ಬಿಸಿಲಿಗೆ ಒಣಗಿಸಿ.

ಮೊಟ್ಟೆಯೊಡೆದ ಆರರಿಂದ ಎಂಟು ವಾರಕ್ಕೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಮೊದಲ ಗುರುತು ಹಿಕ್ಕೆ: ಗಟ್ಟಿ ಉಂಡೆಯಾಗಿ ಬೀಳುತ್ತಿದ್ದದ್ದು ನೀರುನೀರಾಗುತ್ತದೆ. ಹೊಟ್ಟೆ ಖಾಲಿ ಮಾಡಿಕೊಂಡು ಚೀಲದುದ್ದಕ್ಕೂ ಗೊತ್ತುಗುರಿಯಿಲ್ಲದೆ ಓಡಾಡುತ್ತದೆ. ಇದನ್ನು ರೋಗವೆಂದು ತಿಳಿದು ಬೇರೆ ಮಾಡಬೇಡಿ. ರೋಗದ ಹುಳು ಮೆತ್ತಗಿರುತ್ತದೆ, ಹಣ್ಣಾದದ್ದು ಚುರುಕಾಗಿ ನಡೆಯುತ್ತದೆ. ರೇಷ್ಮೆಹುಳು ಗೂಡು ಕಟ್ಟಲು ಇಡುವ ಚಂದ್ರಿಕೆಯ ಅಗತ್ಯವಿಲ್ಲ, ಪೆನ್ಸಿಲ್ ದಪ್ಪದ ಕೊಂಬೆ ಸಾಕು. ಮೊದಲು ಹೊರ ಗೋಡೆ, ಆಮೇಲೆ ನಡುವೆ ಸಡಿಲ ನೂಲಿನ ಪದರ, ಕೊನೆಗೆ ಒಳಗಿನ ಗಟ್ಟಿ ಡಬ್ಬಿ. ನಡುವಿನ ಆ ಸಡಿಲ ಪದರ ಒಳಗಿನ ಕೋಶವನ್ನು ಹೊರಗೋಡೆಯಿಂದ ದೂರ ಇಡುತ್ತದೆ. ಈ ಗೂಡಿನಿಂದ ನೂಲು ತೆಗೆಯುವ ಪ್ರಯತ್ನಗಳೂ ನಡೆದಿದ್ದವು, ಹಿಪ್ಪುನೇರಳೆ ಗೂಡಿನಂತೆ ಸಲೀಸಾಗಿ ಬಿಚ್ಚದ ಕಾರಣ ವ್ಯಾಪಾರಕ್ಕೆ ಒದಗಲಿಲ್ಲ.

ಗೂಡು ಕಟ್ಟಿದ ಮೂರು ವಾರ ಕೊಂಬೆಯನ್ನು ಅಲುಗಿಸಬೇಡಿ. ಒಳಗೆ ಹುಳು ಇನ್ನೂ ಕೋಶವಾಗುತ್ತಿರುತ್ತದೆ, ಹೊಸ ಕೋಶದ ಚಿಪ್ಪು ಮೇಣದಷ್ಟು ಮೆದು. ಒಂದು ಪೆಟ್ಟಿಗೆ ಒಡೆದು ಸೋರುತ್ತದೆ. ಅಲ್ಲಿಯವರೆಗೂ ಬಲೆ ತೆಗೆಯಬೇಡಿ, ಹೊಸ ಗೂಡಿಗೂ ಕಣಜ ಹೊಂಚು ಹಾಕಿರುತ್ತದೆ. ಸೆಪ್ಟೆಂಬರ್ ಕೊನೆಗೆ ಕೊಂಬೆ ಸಮೇತ ಕತ್ತರಿಸಿ, ಪ್ರತಿಯೊಂದಕ್ಕೂ ತಾಯಿಯ ಗುರುತು ಮತ್ತು ಸೊಪ್ಪಿನ ಹೆಸರು ಬರೆದ ಚೀಟಿ ಕಟ್ಟುತ್ತೇನೆ. ಮುಂದಿನ ಜೂನ್‌ನಲ್ಲಿ ಒಡಹುಟ್ಟಿದವು ಕೂಡದಂತೆ ನೋಡಿಕೊಳ್ಳಲು ಈ ಚೀಟಿ ಬೇಕು. ಅರ್ಧದಷ್ಟನ್ನು ಹೊರಗಿನ ಮರಗಳಿಗೆ ಅಲ್ಲಲ್ಲಿ ದೂರ ದೂರ ಕಟ್ಟಿಬರುತ್ತೇನೆ. ಒಂದೇ ಮರಕ್ಕೆ ಹತ್ತು ಕಟ್ಟಿದರೆ ಮರಕುಟಿಗ ಒಂದನ್ನು ಕಂಡುಹಿಡಿದು ಹತ್ತನ್ನೂ ಮುಗಿಸುತ್ತದೆ.

ಬೇರೆ ರಾಜ್ಯದ ಗೆಳೆಯರಿಗೆ ಗೂಡು, ಮೊಟ್ಟೆ ಕಳಿಸುವವರು ತಿಳಿದಿರಬೇಕಾದದ್ದು: ಎಲೆ ತಿನ್ನುವ ಜೀವಂತ ಕೀಟವನ್ನು ರಾಜ್ಯದ ಗಡಿ ದಾಟಿಸಲು ಅಮೆರಿಕದ ಕೃಷಿ ಇಲಾಖೆಯ ಪರವಾನಗಿ ಬೇಕು, ಅದು ದೇಶೀ ಪತಂಗವಾದರೂ ಸರಿ. ಊರಿಗೆ ಹೊರಟಾಗ ಚೀಲದಲ್ಲಿ ಒಂದು ಗೂಡು ಹಾಕಿಕೊಂಡು ಹೋಗುವ ಯೋಚನೆ ಯಾರಿಗೂ ಬೇಡ. ಮೆಡ್‌ಫೋರ್ಡ್‌ನಲ್ಲಿ ಆದದ್ದೂ, ಊಜಿ ಬಂದದ್ದೂ ಹಾಗೆಯೇ. ಉಳಿದ ಅರ್ಧ ಗೂಡುಗಳು ಅಕ್ಟೋಬರ್ ಮೊದಲ ವಾರ ಉತ್ತರದ ಗೋಡೆಯ ತಂತಿಬಲೆ ಪೆಟ್ಟಿಗೆಗೆ ಹೋಗುತ್ತವೆ, ಬಾಯಿ ಮೇಲಾಗಿ, ಒಂದಕ್ಕೊಂದು ತಾಗದಂತೆ.